ಒಂಬತ್ತು ವ್ಯಾಟಿನ ಸಾಕ್ಷಿ

ಹುಟ್ಟಿದ ದಿನವೇ ನನ್ನನ್ನು ಮೂರು ಅಡಿ ಎತ್ತರದಿಂದ ಸಿಮೆಂಟಿನ ನೆಲಕ್ಕೆ ಬೀಳಿಸಿದರು. ನಮ್ಮ ಕಾರ್ಖಾನೆಯ ಪದ್ಧತಿ ಅದು. ನೂರರಲ್ಲಿ ಒಂದನ್ನು ಆರಿಸಿ ಬೀಳಿಸುತ್ತಾರೆ. ಅದು ಉಳಿದರೆ ಮಿಕ್ಕ ತೊಂಬತ್ತೊಂಬತ್ತೂ ಗಟ್ಟಿ ಎಂದು ತಿಳಿಯುತ್ತಾರೆ. ನನಗಿಂತ ಮುಂಚೆ ಬಿದ್ದವನ ತಲೆ ಒಡೆದು ಹೋಯಿತು. ನಾನು ಎರಡು ಸಲ ಪುಟಿದು, ಉರುಳಿ, ಒಬ್ಬ ಹೆಂಗಸಿನ ಚಪ್ಪಲಿಯ ಹತ್ತಿರ ನಿಂತೆ. ಅವಳು ನನ್ನನ್ನು ಎತ್ತಿ ಕಿವಿಯ ಬಳಿ ಅಲ್ಲಾಡಿಸಿ, "ಇದು ಸಾಯೋ ಪೈಕಿ ಅಲ್ಲ" ಎಂದಳು. ಆಮೇಲೆ ಇಡೀ ಒಂದು ದಿನ ನಮ್ಮನ್ನು ಸಾಲಾಗಿ ಸಿಕ್ಕಿಸಿ, ಸಹಜಕ್ಕಿಂತ ಹೆಚ್ಚಿನ ವಿದ್ಯುತ್ತನ್ನು ಹರಿಸಿದರು. ನನ್ನ ಎಡಗಡೆಯವನು ಮಧ್ಯಾಹ್ನಕ್ಕೆ ಆರಿದ. ಬಲಗಡೆಯವನು ಸಂಜೆ ಹೊಗೆಯಾದ. ನಾನು ಉರಿಯುತ್ತಲೇ ಇದ್ದೆ.

ನಾನು ಎಲ್‌ಇಡಿ ಜಾತಿಯ ಬಲ್ಬು. ತಲೆ ಬಿಳಿಯ ಪ್ಲಾಸ್ಟಿಕ್ಕಿನದು, ಕೊರಳಲ್ಲಿ ಎರಡು ಮೊಳೆ. ಬೆನ್ನಿನ ಮೇಲೆ ನೀಲಿ ಅಕ್ಷರದಲ್ಲಿ ಬರೆದದ್ದು ಒಂಬತ್ತು ವ್ಯಾಟ್ ಎಂದು. ಈ ಒಂಬತ್ತು ಎಂಬ ಅಂಕಿಯಿಂದ ಒಬ್ಬ ಕೊಲೆಗಾರ ತಪ್ಪಿಸಿಕೊಳ್ಳುವುದರಲ್ಲಿದ್ದ. ಅದನ್ನು ಹೇಳುವುದಕ್ಕಾಗಿಯೇ ನನ್ನ ಜೀವನವನ್ನು ಹೇಳುತ್ತಿದ್ದೇನೆ.

ಕಾರ್ಖಾನೆಯಿಂದ ನಾನು ಮೈಸೂರಿನ ಮಂಡಿ ಮೊಹಲ್ಲಾದ ಖಲೀಲ್ ಸಾಬರ ಅಂಗಡಿಗೆ ಬಂದೆ. ಅವರ ಮೇಜಿನ ಮೇಲೆ ಮೂರು ಹೋಲ್ಡರು ಬಡಿದ ಒಂದು ಹಲಗೆಯಿತ್ತು. ಪಕ್ಕದಲ್ಲಿ ಮುಳ್ಳು ಅಲ್ಲಾಡುವ ಒಂದು ಮೀಟರು. ಗಿರಾಕಿಗಳು ಬಂದರೆ ಸಾಬರು ಮೂರು ಬಲ್ಬುಗಳನ್ನು ಸಿಕ್ಕಿಸಿ ಕುಸ್ತಿಗೆ ಬಿಡುತ್ತಿದ್ದರು. ಮೊದಲನೆಯವನು ಅರವತ್ತು ವ್ಯಾಟಿನ ತಂತಿ ಬುರುಡೆ, ನಮ್ಮೆಲ್ಲರ ಅಜ್ಜ. ಎರಡನೆಯವನು ಹದಿನಾಲ್ಕು ವ್ಯಾಟಿನ ಸಿಎಫ್‌ಎಲ್, ಗಾಜಿನ ಕರುಳನ್ನು ಸುರುಳಿ ಸುತ್ತಿಕೊಂಡವನು. ಮೂರನೆಯವನು ನಾನು. ಬೆಳಕು ಮೂವರದೂ ಹೆಚ್ಚು ಕಡಿಮೆ ಒಂದೇ; ಸ್ವಲ್ಪ ಹೆಚ್ಚೆಂದರೆ ನನ್ನದೇ. ಆದರೆ ಅಜ್ಜ ಉರಿದಾಗ ಮೀಟರಿನ ಮುಳ್ಳು ಚಿಮ್ಮಿ ಏಳುತ್ತಿತ್ತು. ನಾನು ಉರಿದಾಗ ನಿದ್ದೆಯಲ್ಲಿ ಮಗ್ಗುಲು ಬದಲಾಯಿಸಿದ ಹಾಗೆ ಒಂದಿಷ್ಟು ಸರಿಯುತ್ತಿತ್ತು.

ಅಜ್ಜನ ಸಿಟ್ಟು ಬಹಳ. ಅವನನ್ನು ಬರಿಗೈಯಲ್ಲಿ ಮುಟ್ಟಿದ ಗಿರಾಕಿಯೊಬ್ಬನ ಬೆರಳ ಚರ್ಮ ಅಂಟಿಕೊಂಡು ಕಿತ್ತು ಬಂದದ್ದನ್ನು ನಾನೇ ನೋಡಿದ್ದೇನೆ. ತಿಂದದ್ದರಲ್ಲಿ ಬಹುಪಾಲನ್ನು ಅವನು ಬೆಳಕು ಮಾಡುತ್ತಿರಲಿಲ್ಲ, ಬೆಂಕಿ ಮಾಡುತ್ತಿದ್ದ. ಸುರುಳಿಯವನು ಮೌನಿ. ಹೊತ್ತಿಸಿದರೆ ಮಂಕಾಗಿ ಶುರುವಾಗಿ ಮೆಲ್ಲಗೆ ಮೇಲೇಳುತ್ತಿದ್ದ. ಅವನ ಹೊಟ್ಟೆಯಲ್ಲಿ ಪಾದರಸವಿತ್ತು. ಒಂದು ದಿನ ಅವನ ಜಾತಿಯವನೊಬ್ಬ ಬಿದ್ದು ಒಡೆದಾಗ ಸಾಬರು ಮೂಗು ಮುಚ್ಚಿಕೊಂಡು ಗಿರಾಕಿಗಳನ್ನೆಲ್ಲ ಬೀದಿಗೆ ಅಟ್ಟಿದರು.

ಅದೇ ವಾರ ಜವನಮ್ಮ ಅಂಗಡಿಗೆ ಬಂದಳು. ಐವತ್ತು ದಾಟಿದ ಹೆಂಗಸು. ಹಣೆಯಲ್ಲಿ ಕಾಸಿನಗಲದ ಕುಂಕುಮ. ಹಳೆಯ ಕೇರಿಯೊಂದರಲ್ಲಿ ಗರಡಿ ನಡೆಸುತ್ತಿದ್ದ ಉಸ್ತಾದ್ ದಾಸನಾಯಕನ ಹೆಂಡತಿ.

"ಒಂದು ಬುರುಡೆ ಕೊಡಿ ಸಾಬ್ರೇ, ಗರಡಿಗೆ. ಮೊನ್ನೆ ಕತ್ತಲಲ್ಲಿ ಒಬ್ಬ ಹುಡುಗ ಕಟ್ಟೆ ಕಲ್ಲಿನ ಮೇಲೆ ಬಿದ್ದು ಹೆಗಲ ಮೂಳೆ ಮುರ್ಕಂಡ. ಮುರಿದ ಸದ್ದು ನಮ್ಮನೆ ಒಲೆ ಹತ್ರಕ್ಕೆ ಕೇಳಿಸ್ತು."

"ಈಗ ಅಲ್ಲಿ ಏನಿದೆ ಅಮ್ಮಾ?"

"ಜೀರೋ ಬುರುಡೆ. ದೇವ್ರಿಗೂ ಸಾಲ್ದು, ಮನುಷ್ಯರಿಗೂ ಸಾಲ್ದು. ನಮ್ಮೆಜಮಾನ್ರು ಬೆಳಕು ಅಂದ್ರೆ ಬೆಂಕಿ ಆಗ್ತಾರೆ. ಪೈಲ್ವಾನನಿಗೆ ಮೈಯೇ ಕಣ್ಣಂತೆ. ನೋಡ್ಕಂಡು ಕುಸ್ತಿ ಆಡೋನು ಹೇಡಿಯಂತೆ."

ಸಾಬರು ನಕ್ಕು ನನ್ನನ್ನು ಅವಳ ಕೈಗಿಟ್ಟರು. "ಇದನ್ನ ತಗೊಂಡೋಗಿ. ಜೀರೋ ಅಂತಾರೆ, ಆದ್ರೆ ಅದು ತಿನ್ನೋದು ಹದಿನೈದು ವ್ಯಾಟು. ಇದು ಬರೀ ಒಂಬತ್ತು. ಉಸ್ತಾದ್ರು ಕೇಳಿದ್ರೆ ಜೀರೋಗಿಂತ ಕಮ್ಮಿ ಅನ್ನಿ. ಸುಳ್ಳೂ ಅಲ್ಲ, ಪಾಪವೂ ಇಲ್ಲ."

ಗರಡಿಯ ಬಾಗಿಲು ಮೂರು ಅಡಿ ಎತ್ತರ. ಎಂಥ ಜಟ್ಟಿಯಾದರೂ ತಲೆ ತಗ್ಗಿಸಿಯೇ ಒಳಗೆ ಬರಬೇಕು. ಕಿಟಕಿಯಿಲ್ಲ. ನಡುವೆ ಮಟ್ಟಿ, ಎಂದರೆ ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ ಹದಗೊಳಿಸಿದ ಕೆಮ್ಮಣ್ಣಿನ ಅಖಾಡ. ಎದುರು ಗೋಡೆಯ ಗೂಡಿನಲ್ಲಿ ಸಿಂಧೂರ ಬಳಿದ ಆಂಜನೇಯ. ಹೆಣ್ಣಿನ ಕಾಲು ಆ ಮಟ್ಟಿಯನ್ನು ಸೋಕಬಾರದೆಂಬುದು ಅಲ್ಲಿಯ ಕಟ್ಟು. ಮನೆಯ ಗೋಡೆಗೇ ಗರಡಿಯ ಗೋಡೆ ಅಂಟಿಕೊಂಡಿದ್ದರೂ, ಮದುವೆಯಾಗಿ ಬಂದ ಮೂವತ್ತೊಂದು ವರ್ಷಗಳಲ್ಲಿ ಜವನಮ್ಮ ಒಮ್ಮೆಯೂ ಆ ಹೊಸಿಲು ದಾಟಿರಲಿಲ್ಲ. ದಿನವೂ ಮುಂಜಾನೆ ಗಂಡನಿಗೆ ಹಾಲಿನ ತಂಬಿಗೆ ತಂದು, ಹೊಸಿಲಿನ ಆಚೆ ಬಗ್ಗಿ ನಿಂತು, ಒಳಗೆ ನೀಡುತ್ತಿದ್ದಳು.

ಆ ದಿನವೂ ಹೊಸಿಲಾಚೆ ನಿಂತೇ ನನ್ನನ್ನು ಒಬ್ಬ ಶಿಷ್ಯನ ಕೈಗೆ ಕೊಟ್ಟಳು. "ಒಂಬತ್ತೇ ಅಂತೆ ಕಣ್ರೀ. ಜೀರೋಗಿಂತ ಕಮ್ಮಿ" ಎಂದಳು. ದಾಸನಾಯಕ ಹೂಂಗುಟ್ಟಿದ. ನನ್ನನ್ನು ಸಿಕ್ಕಿಸಿ ಬಾಗಿಲ ಹೊರಗಿನ ಸ್ವಿಚ್ಚು ಒತ್ತಿದರು. ಗರಡಿಯ ಮೂಲೆ ಮೂಲೆಯೂ ಬೆಳ್ಳಗಾಯಿತು. ನೂರು ವರ್ಷ ಯಾರೂ ನೋಡದಿದ್ದ ಜೇಡರ ಬಲೆಗಳು ಕಂಡವು.

"ಅಯ್ಯಯ್ಯೋ! ಸೂರ್ಯನ್ನೇ ತಂದು ನೇತಾಕಿದ್ದೀಯಲ್ಲೇ!"

"ಒಂಬತ್ತೇ ರೀ. ಬೇಕಾದ್ರೆ ಓದಿಸ್ಕಳಿ."

ಶಿಷ್ಯನೊಬ್ಬ ಏಣಿಯ ಮೇಲಿಂದಲೇ ಓದಿ ಹೇಳಿದ. ಉಸ್ತಾದ್ ತಲೆ ಕೆರೆದುಕೊಂಡ. "ಮೂವತ್ತು ವರ್ಷದಿಂದ ಒಬ್ಬನೂ ನನ್ನ ಬೆನ್ನು ಮಣ್ಣಿಗೆ ತಾಗಿಸಿಲ್ಲ. ಇವಳು ಹೊಸಿಲಾಚೆ ನಿಂತೇ ಚಿತ್ ಮಾಡಿದ್ಲಲ್ರೋ!" ಎಂದ. ಪೈಲ್ವಾನರೆಲ್ಲ ತೊಡೆ ತಟ್ಟಿ ನಕ್ಕರು.

ಹೀಗೆ ನಾನು ಗರಡಿಯವನಾದೆ. ಅಲ್ಲಿ ನಾನು ನೋಡಿದಷ್ಟು ಪೆಟ್ಟನ್ನು ನನ್ನ ಜಾತಿಯವರು ಯಾರೂ ನೋಡಿರಲಾರರು. ಮುಂಜಾನೆ ನಾಲ್ಕೂವರೆಗೆ ನನ್ನನ್ನು ಹೊತ್ತಿಸುತ್ತಿದ್ದರು. ದಾಸನಾಯಕ ಗುದ್ದಲಿ ಹಿಡಿದು ಮಟ್ಟಿ ಅಗೆಯುತ್ತಿದ್ದ. ಐದಕ್ಕೆ ಶಿಷ್ಯರು ಬರುತ್ತಿದ್ದರು. ಬಂದವರು ಚಿಟಿಕೆ ಮಣ್ಣನ್ನು ಕಣ್ಣಿಗೊತ್ತಿಕೊಂಡು ಇಳಿದರೆ ಮುಂದೆ ಎರಡು ಗಂಟೆ ಎಲುಬಿಗೆ ಎಲುಬು ಬಡಿಯುವ ಸದ್ದು. ಕತ್ತಿನ ಮೇಲೆ ಅಂಗೈ ಬಿದ್ದರೆ ಒನಕೆ ಬಿದ್ದಂತೆ. ಕಿವಿಗಳು ಹರಿದು ಗಂಟಾಗಿ ಒಣಗಿದ ಅಂಜೂರದಂತಾಗಿದ್ದವು. ಮೂಗಿನ ರಕ್ತ ಮಣ್ಣಿಗೆ ಬಿದ್ದರೆ ಅದನ್ನು ಅಲ್ಲೇ ಕಾಲಿನಿಂದ ಕಲಸುತ್ತಿದ್ದರು. "ಮಟ್ಟಿಗೆ ಎಣ್ಣೆ ಸಾಲದು, ಇದೂ ಬೇಕು" ಎನ್ನುತ್ತಿದ್ದ ಉಸ್ತಾದ್. ಆದರೆ ಆ ಹೊಡೆತದಲ್ಲಿ ದ್ವೇಷವಿರಲಿಲ್ಲ. ಬಿದ್ದವನು ನೆಲ ತಟ್ಟಿದರೆ ಮೇಲಿದ್ದವನು ಬಿಡಬೇಕು. ದೇವರ ಎದುರಿನ ಹೊಡೆದಾಟ ಅದು. ನಿಯಮ ಮುರಿದರೆ ಅದು ಕಸಾಯಿಖಾನೆ ಎಂದು ದಾಸನಾಯಕ ಹೇಳುತ್ತಿದ್ದ.

ಅವನ ಮೆಚ್ಚಿನ ಶಿಷ್ಯ ನಂಜರಾಜ. ಎಲ್ಲರೂ ಗೂಳಿ ಎನ್ನುತ್ತಿದ್ದರು. ತಂದೆಯಿಲ್ಲದವನನ್ನು ಹತ್ತು ವರ್ಷದವನಿದ್ದಾಗ ಕರೆತಂದು ಸಾಕಿದ್ದರು. ಜವನಮ್ಮನ ಕೈಯ ಮುದ್ದೆ ತಿಂದೇ ಅವನ ಕತ್ತು ಅಷ್ಟು ದಪ್ಪವಾದದ್ದು. ಆ ವರ್ಷದ ದಸರಾ ಕುಸ್ತಿಯಲ್ಲಿ ಗರಡಿಯ ಪರವಾಗಿ ಅವನೇ ಇಳಿಯುವುದೆಂದು ನಿಶ್ಚಯವಾಗಿತ್ತು. ಅವನ ಕೆಳಗೆ ಸಿಕ್ಕವನು ಅರೆ ನಿಮಿಷದಲ್ಲಿ ಸಡಿಲವಾಗಿಬಿಡುತ್ತಿದ್ದ. "ಗೂಳಿಯ ಭಾರ ಅಂಥಾದ್ದು" ಎಂದು ಎಲ್ಲರೂ ಬೆರಗಾಗುತ್ತಿದ್ದರು.

ಜೀರೋ ಬುರುಡೆಯ ಮಬ್ಬಿನಲ್ಲಿ, ಕೆಳಗೆ ಸಿಕ್ಕವರ ಹೆದರಿಕೆಯಲ್ಲಿ, ಆ ಬೆರಗು ಬಹಳ ವರ್ಷ ಬಾಳಿತು. ನನ್ನ ಬೆಳಕಿನಲ್ಲಿ ಎರಡು ತಿಂಗಳೂ ಬಾಳಲಿಲ್ಲ. ಒಂದು ಮುಂಜಾನೆ ನಂಜರಾಜ ಒಬ್ಬನನ್ನು ಕೆಡವಿ ಮೈಮೇಲೆ ಒರಗಿದ. ಅವನ ಬಲಗೈ ಕೆಳಗಿದ್ದವನ ಗದ್ದದಡಿ ನುಸುಳಿತು. ಹೆಬ್ಬೆರಳು ಗಂಟಲ ಗುಳಿಯೊಳಗೆ ಇಳಿಯಿತು. ಕೆಳಗಿನವನು ನೆಲ ತಟ್ಟಿದ, ಮತ್ತೆ ತಟ್ಟಿದ. ಹೆಬ್ಬೆರಳು ಇನ್ನೂ ಇಳಿಯಿತು. ಅವನ ನಾಲಗೆ ಹೊರಬಂತು, ಕಣ್ಣು ಬೆಳ್ಳಗಾಯಿತು.

ದಾಸನಾಯಕ ಅದನ್ನು ಕಂಡ. ಓಡಿ ಬಂದು ನಂಜರಾಜನ ಪಕ್ಕೆಗೆ ಒದ್ದ. ಎದ್ದವನ ಕೆನ್ನೆಗೆ ಬೀಸಿ ಹೊಡೆದ. ಒಂದು ಹಲ್ಲು ಆಂಜನೇಯನ ಗೂಡಿನವರೆಗೆ ಹಾರಿತು.

"ಎಷ್ಟು ವರ್ಷದಿಂದ ಹಿಂಗೆ ಮಾಡ್ತಿದ್ದೀಯಲಾ? ನಾನು ನಿನ್ನ ಶಕ್ತಿ ಅಂದ್ಕಂಡಿದ್ದೆ. ದೇವ್ರ ಮುಂದೆ ಕಟುಕನ್ನ ಸಾಕಿದ್ನಲ್ಲೋ!"

"ಉಸ್ತಾದ್, ಗೆಲ್ಲೋದು ಮುಖ್ಯ ಅಂತ ನೀವೇ..."

"ಬಾಯ್ಮುಚ್ಚು. ಈ ಮಣ್ಣು ಇನ್ನು ನಿನ್ನದಲ್ಲ. ದಸರಾದೋರಿಗೂ ಹೇಳ್ಕಳಿಸ್ತೀನಿ. ಯಾವ ಗರಡಿನೂ ನಿನಗೆ ಜೋಡಿ ಕೊಡದಂಗೆ ಮಾಡ್ತೀನಿ."

ನಂಜರಾಜ ಬಾಯಿಯ ರಕ್ತ ಒರೆಸಿಕೊಂಡು ಮೇಲೆ ನೋಡಿದ. ಉಸ್ತಾದನನ್ನಲ್ಲ, ನನ್ನನ್ನು ನೋಡಿದ. ಆಮೇಲೆ ತಲೆ ತಗ್ಗಿಸಿ ಆ ಚಿಕ್ಕ ಬಾಗಿಲಿನಿಂದ ಹೊರಟುಹೋದ.

ಐದು ದಿನ ಕಳೆಯಿತು. ಆರನೆಯ ಮುಂಜಾನೆ ದಾಸನಾಯಕ ಎಂದಿನಂತೆ ಒಬ್ಬನೇ ಬಂದು ಮಟ್ಟಿ ಅಗೆದ. ಅರ್ಧ ಅಗೆದಿರಬೇಕು, ನಂಜರಾಜ ಬಾಗಿಲಲ್ಲಿ ಬಗ್ಗಿ ಒಳಗೆ ಬಂದ. ಅಭ್ಯಾಸಬಲದಿಂದ ಚಿಟಿಕೆ ಮಣ್ಣು ತೆಗೆದು ಕಣ್ಣಿಗೊತ್ತಿಕೊಂಡ. ಅದನ್ನು ನೆನೆದರೆ ಇಂದಿಗೂ ನನ್ನ ಮೈ ತಣ್ಣಗಾಗುತ್ತದೆ.

"ಉಸ್ತಾದ್, ಇದೊಂದು ಸಲ ಬಿಟ್ಬಿಡಿ. ದಸರಾ ಆಡಿ ಹೊಂಟೋಯ್ತೀನಿ."

"ಆಗಾಕಿಲ್ಲ."

"ನಾನು ಬೇರೆ ಏನೂ ಕಲ್ತಿಲ್ಲ. ನೀವೇ ಕಲಿಸ್ಲಿಲ್ಲ."

ದಾಸನಾಯಕನ ಮುಖ ಒಂದು ಗಳಿಗೆ ಮೆತ್ತಗಾಯಿತು. ಆದರೆ ಮಾತು ಮೆತ್ತಗಾಗಲಿಲ್ಲ. "ಸ್ವಾಮಿಗೆ ಕೈ ಮುಗಿದು ಹೊರಡು ಮಗ" ಎಂದು ತಾನೂ ಗೂಡಿನ ಕಡೆ ತಿರುಗಿ ಊದುಬತ್ತಿ ಹಚ್ಚಲು ಬಗ್ಗಿದ.

ಗೋಡೆಗೆ ಕಲ್ಲಿನ ಗದೆ ಒರಗಿಸಿತ್ತು. ಶಿಷ್ಯರು ಎರಡು ಕೈಯಲ್ಲಿ ತಿರುಗಿಸುತ್ತಿದ್ದ ಗದೆ. ನಂಜರಾಜ ಅದನ್ನು ಒಂದೇ ಸೆಳೆತಕ್ಕೆ ಎತ್ತಿ ಉಸ್ತಾದನ ಹಿಂದಲೆಗೆ ಬೀಸಿದ. ತೆಂಗಿನಕಾಯಿ ಒಡೆದಂಥ ಸದ್ದಾಯಿತು. ದಾಸನಾಯಕ ಕೂಗಲಿಲ್ಲ. ತಾನು ಅಗೆದ ಮಣ್ಣಿನ ಮೇಲೆಯೇ ಮಗ್ಗುಲಾಗಿ ಬಿದ್ದ. ಅವನ ಮುಖ ನನ್ನ ಕಡೆಗಿತ್ತು. ಕಣ್ಣು ತೆರೆದಿತ್ತು. ಆ ಕಣ್ಣಿನಲ್ಲಿ ನನ್ನ ಬಿಂಬವೊಂದೇ ಇತ್ತು, ನೋಡುವವನು ಒಳಗಿರಲಿಲ್ಲ.

ಆಗ ಜವನಮ್ಮ ಹಾಲಿನ ತಂಬಿಗೆ ಹಿಡಿದು ಬಾಗಿಲಿಗೆ ಬಂದು ಬಗ್ಗಿದಳು.

ಬಾಗಿಲಿನಿಂದ ಮಟ್ಟಿಗೆ ಹದಿನೈದು ಅಡಿ. ನಂಜರಾಜ ಗದೆ ಹಿಡಿದು ಅವಳ ಕಡೆಗೇ ಮುಖ ಮಾಡಿ ನಿಂತಿದ್ದ. ಗಂಡ ನೆಲದ ಮೇಲಿದ್ದ. ಗಂಡನ ಬಲಗೈ ಬೆರಳುಗಳು ಮಣ್ಣನ್ನು ಕೆದಕುತ್ತಿದ್ದವು. ಅದೆಲ್ಲ ಹಗಲಿನಂತೆ ಕಾಣುತ್ತಿತ್ತು. ಅವಳ ಕಾಲು ಹೊಸಿಲಿನವರೆಗೆ ಬಂದು ನಿಂತಿತು. ಮೂವತ್ತೊಂದು ವರ್ಷ ಅಲ್ಲಿ ನಿಂತು ನಿಂತು ಆ ಕಾಲಿಗೆ ಮುಂದೆ ಹೋಗುವುದು ಗೊತ್ತಿರಲಿಲ್ಲ. ಒಂದು ಉಸಿರು ಹೋಯಿತು. ಎರಡು ಹೋಯಿತು. ಮೂರನೆಯ ಉಸಿರಿಗೆ ನಂಜರಾಜ ಗದೆಯನ್ನು ಮತ್ತೆ ಎತ್ತಿ ಉಸ್ತಾದನ ಬೆನ್ನ ಮೇಲೆ ಹಾಕಿದ.

ತಂಬಿಗೆ ಬಿತ್ತು. ಜವನಮ್ಮ ಹೊಸಿಲು ದಾಟಿ ಮಟ್ಟಿಗೆ ಇಳಿದಳು. ಅವಳು ಕೂಗಿದ ಕೂಗನ್ನು ನಾನು ಹೇಳಲಾರೆ. ಅವನ ತೋಳಿಗೆ ಹಲ್ಲು ಹಾಕಿದಳು. ಅವನು ಕೊಡವಿ ಅವಳನ್ನು ಗೋಡೆಗೆ ಎಸೆದ. ಆಮೇಲೆ ನನ್ನ ಮೇಲೆ ಗದೆ ಬೀಸಿದ. ಕತ್ತಲು ಬೇಕಾಗಿತ್ತು ಅವನಿಗೆ. ಏಟು ಓರೆಯಾಗಿ ತಗುಲಿ ನನ್ನ ತಲೆಯ ಪ್ಲಾಸ್ಟಿಕ್ಕು ಸೀಳಿತು. ನಾನು ತಂತಿಯಲ್ಲಿ ತೂಗಾಡಿದೆ, ಗೋಡೆಗಳ ಮೇಲೆ ನೆರಳುಗಳೆಲ್ಲ ಹುಚ್ಚೆದ್ದು ಕುಣಿದವು. ಆದರೆ ನಾನು ಆರಲಿಲ್ಲ. ಅವನು ಗದೆ ಬಿಸಾಡಿ ಓಡಿದ. ಹೆಣ್ಣಿನ ಕಾಲು ತಾಗಬಾರದ ಆ ಮಣ್ಣಿನಲ್ಲಿ ಜವನಮ್ಮ ಕಾಲು ಚಾಚಿ ಕುಳಿತು ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಶಿಷ್ಯರು ಬರುವವರೆಗೂ ನಾನು ಅವರಿಬ್ಬರ ಮೇಲೆ ಉರಿಯುತ್ತಿದ್ದೆ.

ಪೊಲೀಸರು ಬಂದು ಪಂಚನಾಮೆ ಬರೆದರು. ಬೆಳಕಿನ ಮೂಲವೆಂದು ನನ್ನನ್ನು ಕಳಚಿ ಬಟ್ಟೆಯ ಚೀಲಕ್ಕೆ ಹಾಕಿದರು, ಅರಗಿನ ಮುದ್ರೆ ಒತ್ತಿದರು. ಚೀಟಿಯಲ್ಲಿ ಬರೆದದ್ದು ಇಷ್ಟೇ: "ಒಂಬತ್ತು ವ್ಯಾಟಿನ ಬಲ್ಬು, ಒಂದು." ನಾನು ಮುದ್ದೆಮಾಲು, ಎಂದರೆ ಮೊಕದ್ದಮೆಯ ವಸ್ತು, ಆದೆ. ಮುದ್ದೆಮಾಲಿನ ಕೋಣೆಯಲ್ಲಿ ಮೂರು ವರ್ಷ ಕಳೆದೆ. ನನ್ನ ಒಂದು ಪಕ್ಕದಲ್ಲಿ ರಕ್ತ ಕಪ್ಪಾದ ಮಚ್ಚು, ಇನ್ನೊಂದು ಪಕ್ಕದಲ್ಲಿ ಯಾರನ್ನೋ ಬಿಗಿದ ಸೀರೆಯ ಅಂಚು. ಅಲ್ಲಿ ಕತ್ತಲೆಂದರೆ ಕತ್ತಲು. ಅಲ್ಲಿರುವವರೆಲ್ಲ ತಮ್ಮ ತಮ್ಮ ಸಾವುಗಳನ್ನು ನೆನೆಯುತ್ತಾ ಸುಮ್ಮನಿರುತ್ತಾರೆ.

ವಿಚಾರಣೆ ಬಂತು. ನಂಜರಾಜ ತಾನು ಆ ದಿನ ಸೋದರತ್ತೆಯ ಊರಿನಲ್ಲಿದ್ದೆನೆಂದ, ತೋಳಿನ ಮೇಲಿನ ಕಲೆ ಕುಸ್ತಿಯಲ್ಲಿ ಆದದ್ದೆಂದ. ಗದೆಯ ಮೇಲೆ ಎಲ್ಲ ಶಿಷ್ಯರ ಕೈ ಗುರುತೂ ಇತ್ತು. ನೋಡಿದವಳು ಜವನಮ್ಮ ಒಬ್ಬಳೇ. ಅವಳ ಮಾತು ನಿಂತರೆ ಶಿಕ್ಷೆ, ಬಿದ್ದರೆ ಬಿಡುಗಡೆ. ಪೊಲೀಸರಿಗೆ ಅವಳು ಕೊಟ್ಟಿದ್ದ ಹೇಳಿಕೆ ಹೀಗಿತ್ತು: ಸದ್ದು ಕೇಳಿ ಓಡಿ ಬಂದೆ, ಒಳಗೆ ಹೋದೆ, ಅವನು ತಳ್ಳಿ ಓಡಿಹೋದ. ಆ ಮೂರು ಉಸಿರನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಆರೋಪಿಯ ವಕೀಲ ಎತ್ತರದ ಮನುಷ್ಯ, ಮಾತು ಬೆಣ್ಣೆ. ನನ್ನನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದ.

"ಅಮ್ಮಾ, ಇದೇನಾ ಆ ದೀಪ?"

"ಹೌದು ಬುದ್ಧಿ."

"ಮಹಾಸ್ವಾಮಿ, ಪ್ರಾಸಿಕ್ಯೂಷನ್ನಿನವರೇ ಬರೆದಿದ್ದಾರೆ, ಒಂಬತ್ತು ವ್ಯಾಟ್. ದೇವರ ಮುಂದೆ ಹಚ್ಚುವ ಜೀರೋ ಬಲ್ಬೇ ಹದಿನೈದು. ಇದು ಅದಕ್ಕಿಂತಲೂ ಕಡಿಮೆ. ಇಂಥ ಮಿಣುಕಿನಲ್ಲಿ, ಅದೂ ತೂಗಾಡುವ ಮಿಣುಕಿನಲ್ಲಿ, ಓಡಿಹೋಗುವವನ ಮುಖ ಕಂಡಿತಂತೆ!"

ಬೆಂಚುಗಳಲ್ಲಿ ನಗು ಎದ್ದಿತು. ಸರ್ಕಾರಿ ವಕೀಲರು ಕಾಗದ ಮಗುಚುತ್ತಾ ಕುಳಿತರು. ಅವರ ಮನೆಯಲ್ಲೂ ನಮ್ಮವರೇ ಉರಿಯುತ್ತಿದ್ದಿರಬೇಕು. ಆದರೆ ಅಂಕಿಯನ್ನು ಕಂಡರೆ ಮನುಷ್ಯರು ಕಣ್ಣನ್ನು ನಂಬುವುದಿಲ್ಲ. ನನ್ನನ್ನು ಮಾರಿದ್ದಕ್ಕಾಗಿ ಖಲೀಲ್ ಸಾಬರನ್ನು ಸಾಕ್ಷಿಯಾಗಿ ಕರೆಸಿದ್ದರು. ನ್ಯಾಯಾಧೀಶರು ಜವನಮ್ಮನನ್ನು ಕೂರಿಸಿ, ಮೊದಲು ಅವರನ್ನೇ ಕೇಳಿದರು: "ಒಂಬತ್ತು ಅಂದರೆ ಹದಿನೈದಕ್ಕಿಂತ ಕಡಿಮೆ ಬೆಳಕಲ್ಲವೇ?"

"ಅಲ್ಲ ಖಾವಂದ್. ವ್ಯಾಟು ಅಂದ್ರೆ ಅದು ತಿನ್ನೋ ಅನ್ನ, ಮಾಡೋ ಕೆಲಸ ಅಲ್ಲ. ಬೆಳಕಿಗೆ ಬೇರೆ ಅಳತೆ, ಲುಮೆನ್ ಅಂತ. ಈ ಎಲ್‌ಇಡಿದು ಒಂಬೈನೂರು. ಜೀರೋದು ನೂರೂ ಮುಟ್ಟಲ್ಲ. ಹೊಟ್ಟೆಬಾಕನೇ ಹೆಚ್ಚು ದುಡೀತಾನೆ ಅಂತ ಎಲ್ಲಾದ್ರೂ ಉಂಟಾ?"

"ಪೆಟ್ಟಿಗೆಯ ಮೇಲೆ ಬರೆದದ್ದೆಲ್ಲ ಕುರಾನೇ ಸಾಬರೇ?" ಎಂದ ವಕೀಲ.

"ಅಲ್ಲ ಸ್ವಾಮಿ. ಅದಕ್ಕೇ ಹಚ್ಚಿ ನೋಡಿ ಅಂತೀನಿ."

ನ್ಯಾಯಾಧೀಶರು ವಯಸ್ಸಾದವರು, ದಪ್ಪ ಕನ್ನಡಕದವರು. ಕಿಟಕಿಗಳನ್ನು ಮುಚ್ಚಿಸಿದರು. ಹದಿನೈದು ಅಡಿ ಅಳೆಸಿ ಸೀಮೆಸುಣ್ಣದ ಗೆರೆ ಎಳೆಸಿದರು. ಮೊದಲು ಜೀರೋ ಬುರುಡೆ ಹಚ್ಚಿದರು. ಕೆಂಪು ಮಬ್ಬಿನಲ್ಲಿ ಮನುಷ್ಯರು ಕಂಬಗಳಂತೆ ಕಂಡರು. ಆಮೇಲೆ ಸಾಬರು ತಂದಿದ್ದ ಅರವತ್ತರ ತಂತಿ ಬುರುಡೆ. ಹಳದಿ ಬೆಳಕು ತುಂಬಿತು, ಮುಖಗಳು ಗೊತ್ತಾದವು. ಅದನ್ನು ಕಳಚಲು ಹೋದ ಜವಾನ ಹಾ ಎಂದು ಕೈ ಕೊಡವಿದ. ಕೊನೆಗೆ ನನ್ನ ಸರದಿ.

ಮೂರು ವರ್ಷ ನನ್ನೊಳಗೆ ವಿದ್ಯುತ್ತು ಹರಿದಿರಲಿಲ್ಲ. ತಲೆ ಸೀಳಿತ್ತು. ಸ್ವಾಮಿ ಆಂಜನೇಯ, ಎರಡು ತಿಂಗಳು ನಿನ್ನ ಎದುರು ಉರಿದಿದ್ದೇನೆ, ಇದೊಂದು ಸಲ ಎಂದು ಬೇಡಿಕೊಂಡೆ. ಸ್ವಿಚ್ಚು ಬಿತ್ತು. ನಾನು ಹೊತ್ತಿದೆ.

ಅರವತ್ತರ ಅಜ್ಜನನ್ನೂ ಮೀರಿಸಿದ ಬೆಳಕು ಅದು. ನ್ಯಾಯಾಧೀಶರ ಕನ್ನಡಕದ ಗೀರು, ವಕೀಲರ ಕಾಲರಿನ ಕೊಳೆ, ಕಟಕಟೆಯಲ್ಲಿ ನಿಂತ ನಂಜರಾಜನ ತೋಳಿನ ಮೇಲಿನ ಹಲ್ಲಿನ ಕಲೆ ಎಲ್ಲವೂ ಕಂಡವು. ಆದರೆ ಆ ವಕೀಲ ಬಿದ್ದವನಲ್ಲ. ಬೆಳಕು ತನಗೆ ಎದುರಾದರೆ ಬೆಳಕನ್ನೇ ಹಿಡಿದು ಬಡಿಯುವವನು. ಜವನಮ್ಮನನ್ನು ಮತ್ತೆ ಕಟಕಟೆಗೆ ಕರೆದ.

"ಸರಿಯಮ್ಮಾ, ಬೆಳಕು ಇತ್ತು. ಆದರೆ ನೀವು ಒಳಗೆ ಬಂದೊಡನೆ ಅವನು ತಳ್ಳಿ ಓಡಿದ. ದೀಪ ತೂಗಾಡುತ್ತಿತ್ತು. ನೀವು ನೋಡಿದ್ದು ಬೆನ್ನು. ಬೆನ್ನಿಗೆ ಮುಖವಿರುತ್ತದೆಯೇ?"

"ಮುಖ ನೋಡ್ದೆ ಬುದ್ಧಿ."

"ಯಾವಾಗ? ನಿಮ್ಮ ಹೇಳಿಕೆಯಲ್ಲಿ ಅದಕ್ಕೆ ಹೊತ್ತೇ ಇಲ್ಲವಲ್ಲ."

ಜವನಮ್ಮ ಕಟಕಟೆಯ ಮರವನ್ನು ಎರಡು ಕೈಯಲ್ಲಿ ಹಿಡಿದಳು. ಬೆಂಚುಗಳಲ್ಲಿ ಗರಡಿಯ ಶಿಷ್ಯರೆಲ್ಲ ಕುಳಿತಿದ್ದರು, ದಾಸನಾಯಕನ ತಮ್ಮಂದಿರು ಕುಳಿತಿದ್ದರು. ಅವಳು ಬಾಯಿ ಮುಚ್ಚಿಕೊಂಡರೆ ಗಂಡನನ್ನು ಕೊಂದವನು ಮನೆಗೆ ಹೋಗುತ್ತಾನೆ.

"ನಿಂತಿದ್ದೆ" ಎಂದಳು. "ಹೊಸಿಲಾಚೆ. ಅವನು ನನ್ನ ಕಡೆ ಮಕ ಮಾಡಿದ್ದ. ಮೂರು ಉಸಿರು ನೋಡ್ತಾ ನಿಂತಿದ್ದೆ."

"ಗಂಡ ಬಿದ್ದಿದ್ದಾಗ?"

"ಹೂಂ. ಅವರ ಕೈ ಆಡ್ತಿತ್ತು. ಬೆರಳು ಮಣ್ಣು ಕೆದಕ್ತಿತ್ತು. ಜೀವ ಇತ್ತು."

"ಮತ್ತೆ ಒಳಗೆ ಯಾಕೆ ಹೋಗಲಿಲ್ಲ?"

"ಹೆಂಗಸರು ಹೋಗಬಾರ್ದಲ್ಲ ಬುದ್ಧಿ" ಎಂದಳು ಜವನಮ್ಮ. ಅಷ್ಟು ಹೇಳಿ ತನ್ನ ಬಾಯಿಗೆ ತಾನೇ ಹೊಡೆದುಕೊಳ್ಳತೊಡಗಿದಳು. ಒಂದು, ಎರಡು, ಮೂರು. ಗರಡಿಯಲ್ಲಿ ನಾನು ಕಂಡ ಯಾವ ಏಟೂ ಅಷ್ಟು ಜೋರಾಗಿರಲಿಲ್ಲ. ತುಟಿ ಒಡೆದು ರಕ್ತ ಬಂದ ಮೇಲೆ ಮಹಿಳಾ ಪೇದೆಯೊಬ್ಬಳು ಓಡಿ ಬಂದು ಕೈ ಹಿಡಿದಳು. "ಈ ದರಿದ್ರ ಕಾಲು, ಈ ದರಿದ್ರ ಕಾಲು" ಎನ್ನುತ್ತಲೇ ಇದ್ದಳು ಜವನಮ್ಮ. ವಕೀಲ ಕುಳಿತುಬಿಟ್ಟ. ನಂಜರಾಜ ಆ ಕಟಕಟೆಯಲ್ಲಿ ಮೊದಲ ಬಾರಿಗೆ ತಲೆ ತಗ್ಗಿಸಿದ. ನನ್ನನ್ನು ಆರಿಸಲು ಯಾರಿಗೂ ನೆನಪಾಗಲಿಲ್ಲ.

ಎರಡು ವಾರದ ಮೇಲೆ ಶವಪರೀಕ್ಷೆ ಮಾಡಿದ ವೈದ್ಯರು ಬಂದರು. ನಾನು ಮೇಜಿನ ಮೇಲೆಯೇ ಇದ್ದೆ. ಅವರು ಇಂಗ್ಲಿಷಿನಲ್ಲಿ ಹೇಳಿದರು, ಟೈಪಿಸ್ಟ್ ಇಂಗ್ಲಿಷಿನಲ್ಲೇ ಟೈಪು ಮಾಡಿಕೊಂಡಳು. ತಲೆಯ ಮೇಲಿನ ಮೊದಲ ಏಟಿಗೇ ಪ್ರಾಣ ಹೋಗಿದೆ. ಎರಡನೆಯ ಏಟು ಬಿದ್ದದ್ದು ಹೆಣದ ಮೇಲೆ. ಆ ನಡುವೆ ಬೆರಳು ಆಡಿದ್ದರೆ ಅದು ಸತ್ತ ನರಗಳ ಅದುರಾಟ, ಅಷ್ಟೆ. ನ್ಯಾಯಾಧೀಶರು ತಲೆಯಾಡಿಸಿದರು. ಐದು ನಿಮಿಷದ ಕೆಲಸ. ಜವನಮ್ಮನ ಸಾಕ್ಷ್ಯ ಮುಗಿದಿದ್ದರಿಂದ ಆ ದಿನ ಅವಳನ್ನು ಯಾರೂ ಕರೆದಿರಲಿಲ್ಲ.

ನಂಜರಾಜನಿಗೆ ಜೀವಾವಧಿ ಶಿಕ್ಷೆಯಾಯಿತು. ತೀರ್ಪಿನ ಕೊನೆಯಲ್ಲಿ ನಮ್ಮ ವಿಷಯವೂ ಇತ್ತು: ಗದೆಯನ್ನು ಗರಡಿಗೆ ಹಿಂದಿರುಗಿಸುವುದು, ಬೆಲೆಯಿಲ್ಲದ ಬಲ್ಬನ್ನು ಮೇಲ್ಮನವಿಯ ಅವಧಿ ಮುಗಿದ ಮೇಲೆ ನಾಶಪಡಿಸುವುದು.

ಗದೆಗಾಗಿ ಶಿಷ್ಯರಿಬ್ಬರು ಬಂದರು. ರುಜು ಹಾಕಲು ಜವನಮ್ಮನೂ ಬಂದಿದ್ದಳು. ಹಣೆ ಬರಿದಾಗಿತ್ತು. ಗುಮಾಸ್ತ ಒಳ್ಳೆಯವನು. ನನ್ನನ್ನು ತೋರಿಸಿ ಕೇಳಿದ: "ಇದನ್ನೂ ತಗೊಂಡು ಹೋಗಿ ಅಮ್ಮಾ. ಹೆಂಗೂ ಒಡೆಯೋದೇ. ಇನ್ನೂ ಚೆನ್ನಾಗಿ ಉರಿಯುತ್ತೆ."

ಅವಳು ನನ್ನನ್ನು ಬಹಳ ಹೊತ್ತು ನೋಡಿದಳು.

"ಬ್ಯಾಡ ಸ್ವಾಮಿ. ಅವರ ಕೈ ಆಡೋದನ್ನ ತೋರಿಸಿದ್ದು ಅದೇ."

ಹೆಬ್ಬೆಟ್ಟು ಒತ್ತಿ, ಶಾಯಿಯನ್ನು ಸೆರಗಿಗೆ ಒರೆಸಿಕೊಂಡು ಹೊರಟುಹೋದಳು.

ಅವಳು ಹೆಬ್ಬೆಟ್ಟು ಒತ್ತಿದ ಕಡತದಲ್ಲೇ, ನಾಲ್ಕು ಹಾಳೆ ಹಿಂದೆ, ವೈದ್ಯರ ಮಾತು ಇತ್ತು. ನಾನು ಯಾರ ಮುಖವನ್ನು ಬೇಕಾದರೂ ತೋರಿಸಬಲ್ಲೆ. ಒಂಬತ್ತು ವ್ಯಾಟು ತಿಂದು ಅರವತ್ತರ ಬೆಳಕು ಕೊಡಬಲ್ಲೆ. ಹಾಳೆ ಮಗುಚಲಾರೆ. ನನ್ನ ಜಾಗದಲ್ಲಿ ಆ ಹಳೆಯ ಜೀರೋ ಬುರುಡೆ ಇದ್ದಿದ್ದರೆ ನಂಜರಾಜ ಗೆದ್ದು ಹೋಗುತ್ತಿದ್ದ, ನಿಜ. ಆದರೆ ಜವನಮ್ಮ ಆ ಬೆರಳುಗಳನ್ನು ನೋಡುತ್ತಿರಲಿಲ್ಲ. ಎರಡರಲ್ಲಿ ಯಾವುದು ಮೇಲೆಂದು ಈ ಕತ್ತಲ ಕೋಣೆಯಲ್ಲಿ ಕುಳಿತು ಯೋಚಿಸಿದ್ದೇನೆ. ನನಗೆ ತಿಳಿದಿಲ್ಲ. ದೈವಕ್ಕೆ ತಿಳಿದಿರಬೇಕು.

ನನ್ನನ್ನು ಒಡೆಯುವ ಸುತ್ತಿಗೆ ಬಾಗಿಲ ಮೊಳೆಗೆ ನೇತು ಹಾಕಿದೆ. ಅದಕ್ಕೆ ನನಗೆ ಭಯವಿಲ್ಲ. ಪೆಟ್ಟು ನನಗೆ ಹೊಸದಲ್ಲ. ಸ್ವಾಮಿ, ನನ್ನದು ಒಂದೇ ಬೇಡಿಕೆ. ಆ ಹಾಳೆಯನ್ನು ಓದಬಲ್ಲ ಒಬ್ಬನಾದರೂ ಅವಳ ಮನೆಯ ಬಾಗಿಲಿಗೆ ಹೋಗಲಿ. ಅವಳು ಹೊಸಿಲಲ್ಲಿ ನಿಲ್ಲದೆ ಓಡಿ ಬಂದಿದ್ದರೂ ಗಂಡ ಉಳಿಯುತ್ತಿರಲಿಲ್ಲವೆಂದು, ಅವಳಿಗೆ ತಿಳಿಯುವ ಮಾತಿನಲ್ಲಿ, ಕನ್ನಡದಲ್ಲಿ, ಹೇಳಲಿ.